ಬಚ್ಚಲ ಕಿಟಕಿಯಿಂದ ಬಂದ ಹೊಗೆ

ಅವ್ವಾರೇ, ಆ ಹೊಗೆ ನಿಮ್ಮದಲ್ಲ. ನನ್ನದು.

ಇಷ್ಟು ಹೇಳುವುದಕ್ಕೆ ನನಗೆ ವರ್ಷಗಳೇ ಹಿಡಿದವು. ನೀವು ಅಲ್ಲಿ ಬಾದಾಮಿಯ ನಿಮ್ಮ ಮನೆಯಲ್ಲಿ, ಮೊಮ್ಮಗಳ ಮೇಲೆ ಸುಳ್ಳು ಆಣೆ ಮಾಡಿದ ಅಜ್ಜಿ ಎಂಬ ಮಾತನ್ನು ಹೊತ್ತುಕೊಂಡು ಕೂತಿದ್ದೀರಿ. ನಾನು ಇಲ್ಲಿ ಕುವೈತಿನ ಫಹಾಹೀಲಿನಲ್ಲಿ, ನಿಮ್ಮ ಮಗಳು ಸವಿತಾಳ ಮನೆಯ ಕೆಳಗಿನ ಮನೆಯಲ್ಲಿ, ಎಲ್ಲ ಗೊತ್ತಿದ್ದೂ ಉಂಡು, ತಿಂದು, ಮಲಗಿ, ಡ್ಯೂಟಿಗೆ ಹೋಗಿ ಬಂದು ಮಾಡುತ್ತಿದ್ದೇನೆ. ಗದಗಿನ ವೀರೇಶ. ನಿಮ್ಮ ಬಾಯಲ್ಲಿ ‘ತಮ್ಮಾ’. ಆ ಕರೆಯನ್ನು ನೆನೆದರೆ ಈಗಲೂ ಮುಖ ಎತ್ತಲಾಗುವುದಿಲ್ಲ.

ನನ್ನ ಕೆಲಸ ಏನೆಂಬುದು ನಿಮಗೆ ನೆನಪಿರಬಹುದು. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಗಾಳಿ ಎಲ್ಲಿಂದ ಬರಬೇಕು, ಎಲ್ಲಿ ಹೋಗಬೇಕು, ಎಷ್ಟು ತಣ್ಣಗಿರಬೇಕು ಎಂದು ನೋಡಿಕೊಳ್ಳುವ ಎಂಜಿನಿಯರ್. ನಮ್ಮ ಕಡೆಯ ಗೆಳೆಯರು ಚೇಷ್ಟೆಗೆ ನನ್ನನ್ನು ಗಾಳಿ ಡಾಕ್ಟರ್ ಎನ್ನುತ್ತಿದ್ದರು. ಹೊರಗೆ ಸಿಟ್ಟು ತೋರಿಸಿದರೂ ಒಳಗೊಳಗೆ ಹಿಗ್ಗುತ್ತಿದ್ದೆ. ದೀಪದ ಬುಡದಲ್ಲೇ ಕತ್ತಲೆ ಎಂಬ ಮಾತು ಯಾರಿಗೋ ಹೇಳಿದ್ದು ಎಂದುಕೊಂಡಿದ್ದೆ.

ಮನೆಯಲ್ಲಿದ್ದ ಆ ಯಂತ್ರ — ನೀವೂ ಅದನ್ನು ನೋಡಿದ್ದಿರಿ. ಲೇಸರ್ ಕಟರ್. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಹಲಗೆಯ ಮೇಲೆ ಬೆಳಕಿನಿಂದಲೇ ಕೊರೆದು ಕೊಡುವಂಥದ್ದು. ಕೊರೆಯುವುದು ಎನ್ನುವುದು ಬಾಯಿಮಾತು, ನಿಜವಾಗಿ ಅದು ಸುಡುತ್ತದೆ. ಸುಟ್ಟ ಮೇಲೆ ಹೊಗೆ ಬರಲೇಬೇಕು. ಆ ಹೊಗೆಯನ್ನು ಒಂದು ಫ್ಯಾನು ಎಳೆದು ದಪ್ಪ ಪೈಪಿನೊಳಗೆ ನೂಕುತ್ತಿತ್ತು. ರಸ್ತೆಯ ಕಡೆಯ ಕಿಟಕಿಯ ಗಾಜನ್ನು ಸರಿಸಿ, ಸಂದಿಗೆ ಒಂದು ಹಲಗೆ ಕೂರಿಸಿ, ಹಲಗೆಯಲ್ಲಿ ದುಂಡಗೆ ತೂತು ಕೊರೆದು, ಪೈಪಿನ ಬಾಯಿಯನ್ನು ಅಲ್ಲಿಂದ ಹೊರಗೆ ಬಿಟ್ಟಿದ್ದೆ. ಬಾಡಿಗೆ ಮನೆಯಲ್ಲಿ ಇಂಥದ್ದನ್ನೆಲ್ಲ ಇಡುವಂತಿಲ್ಲ. ಕಟ್ಟಡ ಕಾಯುವ ಹಾರಿಸ್ ಬಂದಾಗ ಅದರ ಮೇಲೊಂದು ಚಾದರ ಹೊದಿಸಿ ನನ್ನ ಹೆಂಡತಿ ಸುಧಾಳ ಹೊಲಿಗೆ ಯಂತ್ರ ಎನ್ನುತ್ತಿದ್ದೆ. ಸುಳ್ಳಿಗೆ ಅಲ್ಲಿಂದಲೇ ನಾಲಗೆ ಪಳಗಿತ್ತೋ ಏನೋ.

ಸವಿತಾಳ ಬಾಣಂತನಕ್ಕೆಂದು ವಿಸಿಟ್ ವೀಸಾದ ಮೇಲೆ ನೀವು ಬಂದಿರಿ. ಮೊದಲ ಬಾರಿ ವಿಮಾನ ಹತ್ತಿದವರು. ಪೆಟ್ಟಿಗೆ ತುಂಬ ಅಂಟಿನುಂಡೆ, ಅಜವಾನ, ಬಜೆ, ಜೊತೆಗೆ ಹೊಗೆ ಹಾಕಲೆಂದು ಬಟ್ಟೆಯಲ್ಲಿ ಗಂಟು ಕಟ್ಟಿದ ಲೋಬಾನ. ಕೆಂಡಕ್ಕೇನು ಮಾಡುವುದು ಎಂದು ಸವಿತಾ ಕೇಳಿದಾಗ ನಾನೇ ನಿಮ್ಮನ್ನು ಇಲ್ಲಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ, ಅರಬರು ಬಖೂರ್ ಎಂಬ ಧೂಪ ಸುಡುವ ಕುಡಿಕೆ, ಸಣ್ಣ ಇದ್ದಿಲ ತುಂಡು ಕೊಡಿಸಿದ್ದೆ. ಇವರೂ ನಮ್ಮ ಹಾಗೆಯೇ ಹೊಗೆ ಹಾಕುವ ಮಂದಿ ಎಂದು ತಿಳಿದು ನಿಮಗೆ ಆದ ಖುಷಿ ಇನ್ನೂ ಕಣ್ಣ ಮುಂದಿದೆ. ನೀವು ಅಂಗಡಿಯವನ ಜೊತೆ ಕನ್ನಡದಲ್ಲೇ ಮಾತಾಡಿ, ಅವನು ಅರಬ್ಬಿಯಲ್ಲೇ ಉತ್ತರ ಕೊಟ್ಟು, ಇಬ್ಬರೂ ನಕ್ಕು, ಎಲ್ಲ ಸರಿಹೋಯಿತು.

ಕೂಸಿಗೆ ಎರೆದ ಮೇಲೆ, ಒದ್ದೆ ಕೂದಲಿಗೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೊಮ್ಮೆ — ನೀವು ಲೋಬಾನದ ಹೊಗೆ ಹಾಕುತ್ತಿದ್ದಿರಿ. ನನ್ನ ಅವ್ವ ನನಗೆ ಹಾಕಿದ್ದು, ಅವಳ ಅವ್ವ ಅವಳಿಗೆ ಹಾಕಿದ್ದು ಅದೇ. ಕೆಳಗೆ ನಮ್ಮ ಮನೆಯವರೆಗೆ ಅದರ ವಾಸನೆ ಇಳಿದು ಬಂದಾಗ ಸುಧಾ, ಊರಿಗೆ ಹೋಗಿ ಬಂದಂತಾಯಿತು ಎನ್ನುತ್ತಿದ್ದಳು.

ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಇಲ್ಲಿ ಸಿಕ್ಕ ತೊಟ್ಟಿಲಿಗೆ ಗಿಳಿಗಳೇ ಇಲ್ಲ, ಗಿಳಿ ಇಲ್ಲದ ತೊಟ್ಟಿಲಿಗೆ ಕೂಸನ್ನು ಹಾಕುವುದು ಹೇಗೆ ಎಂದು ನೀವು ಮುಖ ಸಣ್ಣ ಮಾಡಿಕೊಂಡಿರಿ. ನಾನು ಕತ್ತರಿಸಿ ಕೊಡುತ್ತೇನೆ ಎಂದೆ. ನೀವು ಕೆಳಗೆ ಬಂದು ಪಕ್ಕದಲ್ಲೇ ನಿಂತು, ಬಾಲ ಉದ್ದ ಇರಲಿ, ಕೊಕ್ಕಿಗೆ ಕೊಕ್ಕು ಎದುರಿರಲಿ, ಕುತ್ತಿಗೆಗೆ ಪಟ್ಟಿ ಇರಲಿ ಎಂದು ಬೆರಳಿನಲ್ಲಿ ಗಾಳಿಯಲ್ಲೇ ಬರೆದು ತೋರಿಸಿದಿರಿ. ಯಂತ್ರ ಶುರುವಾಗಿ ಹಲಗೆಯ ಮೇಲೆ ಕೆಂಪು ಚುಕ್ಕಿ ಓಡತೊಡಗಿದಾಗ ಸೆರಗನ್ನು ಮೂಗಿಗೆ ಹಿಡಿದು ಒಂದು ಮಾತು ಕೇಳಿದಿರಿ.

“ಇದರ ಹೊಗಿ ಎಲ್ಲಿ ಹೋಕ್ಕೈತಿ ತಮ್ಮಾ?”

“ಹೊರಗ ಹೋಕ್ಕೈತ್ರಿ ಅವ್ವಾರ.”

ಆವತ್ತಿಗೆ ಅದು ನಿಜವೇ ಆಗಿತ್ತು.

ಗಿಳಿಗಳು ಬಂದವು. ನಡುವೆ ‘ಸಿರಿ’ ಎಂದು ಬರೆದ ಹಲಗೆ, ಎರಡೂ ಕಡೆ ಹಸಿರು ಬಣ್ಣದ ಗಿಳಿಗಳ ಸಾಲು. ತೊಟ್ಟಿಲ ಕಾರ್ಯಕ್ಕೆ ಬಂದವರೆಲ್ಲ ಕೂಸಿಗಿಂತ ಗಿಳಿಗಳನ್ನೇ ಹೆಚ್ಚು ನೋಡಿದರು. ನಮಗೂ ಮಾಡಿಕೊಡಿ, ನಮ್ಮ ಮಗನ ಹೆಸರಿನದು ಮಾಡಿಕೊಡಿ, ಬಾಗಿಲಿಗೆ ತೋರಣ ಮಾಡಿಕೊಡಿ — ನಾನು ಉಬ್ಬಿಹೋದೆ. ಡ್ಯೂಟಿ ಮುಗಿಸಿ ಬಂದವನೇ ಬೂಟು ಬಿಚ್ಚಿ ಯಂತ್ರದ ಮುಂದೆ ಕೂರುವುದಾಯಿತು. ಪುಡಿಗಟ್ಟಿಗೆಯನ್ನು ಅಂಟು ಹಾಕಿ ಒತ್ತಿದ ಹಲಗೆಗಳು ಅವು. ಸುಟ್ಟರೆ ಕಟ್ಟಿಗೆಯ ಜೊತೆ ಅಂಟೂ ಸುಡುತ್ತದೆ.

ಅಷ್ಟರಲ್ಲಿ ಚಳಿ ಬಿತ್ತು. ಕುವೈತ್ ಎಂದರೆ ಬರೀ ಬೆಂಕಿ ಎಂದುಕೊಂಡು ನೀವು ಒಂದು ಸ್ವೆಟರನ್ನೂ ತಂದಿರಲಿಲ್ಲ. ಮರುಭೂಮಿಯ ಕಡೆಯಿಂದ ಬೀಸುವ ಗಾಳಿಗೆ ಎಲುಬು ಕೊರೆಯುತ್ತದೆ. ಆ ಗಾಳಿ ನನ್ನ ಹಲಗೆಯ ಸಂದಿಯಿಂದ, ಪೈಪಿನ ಬಾಯಿಂದ ಒಳಗೆ ನುಗ್ಗತೊಡಗಿತು. ಕೆಲವು ಸಲ ಹೊಗೆಯನ್ನೇ ತಿರುಗಿಸಿ ನಮ್ಮ ಮನೆಯೊಳಕ್ಕೆ ತಂದು ಹಾಕುತ್ತಿತ್ತು. ಮಗನಿಗೆ ಸೀನು ಹಿಡಿಯಿತು. ಒಂದೋ ಕಿಟಕಿ ಮುಚ್ಚಿರಿ, ಇಲ್ಲವೇ ಯಂತ್ರವನ್ನೂ ನಿಮ್ಮನ್ನೂ ಒಟ್ಟಿಗೇ ಹೊರಗೆ ಹಾಕುತ್ತೇನೆ ಎಂದಳು ಸುಧಾ.

ನಾನೊಂದು ಉಪಾಯ ಮಾಡಿದೆ. ನಮ್ಮ ಕಟ್ಟಡದ ನಡುವೆ ಒಂದು ಕಿರಿದಾದ ತೆರಪಿದೆ, ಬಾವಿಯ ಹಾಗೆ. ಕೊಳಾಯಿ ಪೈಪುಗಳು ಇಳಿಯುವುದು ಅದರಲ್ಲಿ, ಎಲ್ಲರ ಬಚ್ಚಲುಗಳ ಸಣ್ಣ ಕಿಟಕಿಗಳು ತೆರೆಯುವುದೂ ಅದಕ್ಕೇ. ಅಲ್ಲಿ ಗಾಳಿ ಬೀಸುವುದಿಲ್ಲ. ಯಂತ್ರವನ್ನು ನಮ್ಮ ಬಚ್ಚಲ ಬಾಗಿಲಿನ ಹತ್ತಿರಕ್ಕೆ ಸರಿಸಿ, ಪೈಪನ್ನು ಆ ಸಣ್ಣ ಕಿಟಕಿಗೆ ಕೊಟ್ಟೆ. ರಸ್ತೆಯ ಕಿಟಕಿ ಮುಚ್ಚಿದೆ. ಚಳಿ ನಿಂತಿತು, ಸೀನು ನಿಂತಿತು, ಸುಧಾಳ ಬಾಯಿಯೂ ನಿಂತಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹೊಗೆ ಮೇಲೇರಿ ತಾರಸಿಯಿಂದ ಆಚೆ ಹೋಗುತ್ತದೆ ಎಂದುಕೊಂಡೆನೇ? ಅಥವಾ ಏನನ್ನೂ ಅಂದುಕೊಳ್ಳಲೇ ಇಲ್ಲವೇ? ಎಷ್ಟು ಕೆದಕಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ, ಅವರ ಮುಂದೆ ಅರ್ಧ ಗಂಟೆ ಪಾಠ ಹೇಳುತ್ತಿದ್ದೆ. ಚಳಿಗಾಲದಲ್ಲಿ ಎಲ್ಲರೂ ಕಿಟಕಿಗಳನ್ನು ಬಿಗಿಯಾಗಿ ಮುಚ್ಚುತ್ತಾರೆ, ಅಡುಗೆಮನೆಯ ಫ್ಯಾನು ಮಾತ್ರ ಹಾಕಿರುತ್ತಾರೆ. ಆ ಫ್ಯಾನು ಮನೆಯ ಗಾಳಿಯನ್ನು ಹೊರಗೆ ನೂಕಿದಷ್ಟೂ ಮನೆ ಎಲ್ಲಿಂದಾದರೂ ಬೇರೆ ಗಾಳಿಯನ್ನು ಒಳಗೆ ಎಳೆದುಕೊಳ್ಳಲೇಬೇಕು. ತೆರೆದಿರುವುದು ಬಚ್ಚಲ ಕಿಟಕಿ ಒಂದೇ. ಮೊದಲ ವರ್ಷ ಕೆಲಸಕ್ಕೆ ಸೇರಿದವನಿಗೂ ಗೊತ್ತಿರುವ ವಿಷಯ ಇದು. ನನ್ನ ಪೈಪಿನ ಬಾಯಿಗೆ ಸರಿಯಾಗಿ ಮೇಲೆ, ನೀವು ಕೂಸಿಗೆ ಎರೆಯುತ್ತಿದ್ದ ಬಚ್ಚಲು.

ಸಿರಿಗೆ ಕೆಮ್ಮು ಶುರುವಾಯಿತು. ಮೊದಮೊದಲು ಥಂಡಿ ಎಂದರು. ಆಮೇಲೆ ಎದೆಯೊಳಗೆ ಗೊರಗೊರ ಸದ್ದು. ಹಾಲು ಕುಡಿಯುವಾಗ ಉಸಿರಿಗೆ ತಡಕಾಡಿ ಮೊಲೆ ಬಿಟ್ಟು ಅಳುತ್ತಿತ್ತಂತೆ. ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕು ಹಿಡಿದು ಔಷಧಿಯ ಆವಿ ಕೊಟ್ಟರು. ಮನೆಯಲ್ಲಿ ಯಾರಾದರೂ ಹೊಗೆ ಸೇದುತ್ತಾರೆಯೇ, ಏನನ್ನಾದರೂ ಸುಡುತ್ತೀರಾ ಎಂದು ಡಾಕ್ಟರು ಕೇಳಿದಾಗ ಸವಿತಾ ನಿಮ್ಮ ಮುಖ ನೋಡಿದಳಂತೆ. ಲೋಬಾನ ನಿಲ್ಲಿಸಿ ಎಂದರು ಡಾಕ್ಟರು.

ನೀವು ಅವತ್ತೇ ನಿಲ್ಲಿಸಿದಿರಿ. ಉಳಿದ ಲೋಬಾನವನ್ನು ಕಸದ ಡಬ್ಬಿಗೆ ಹಾಕಿ, ಕುಡಿಕೆಯನ್ನು ತೊಳೆದು ಬೋರಲು ಹಾಕಿದ್ದನ್ನು ಸುಧಾ ನೋಡಿ ಬಂದು ನನಗೆ ಹೇಳಿದ್ದಳು. ನನಗೆ ಆಗಲಾದರೂ ಹೊಳೆಯಬೇಕಿತ್ತು. ನಾನು ಯಾರದೋ ಮನೆಯ ತೋರಣ ಕತ್ತರಿಸುತ್ತಿದ್ದೆ.

ಕೆಮ್ಮು ಹೋಗಲಿಲ್ಲ. ಸಂಜೆಯಾದರೆ ಬಚ್ಚಲಲ್ಲಿ ಸುಟ್ಟ ವಾಸನೆ. ಸವಿತಾಳಿಗೆ ಅನುಮಾನ ಬಂತು — ಅವ್ವ ಕದ್ದು ಹಾಕುತ್ತಿದ್ದಾಳೆ, ತನ್ನ ಹಟ ಬಿಡಲಾರಳು. ಮಾತಿಗೆ ಮಾತು ಬೆಳೆದು ಒಂದು ದಿನ ಅವಳು ಕೆಳಗಿಳಿದು ಬಂದು ನಮ್ಮ ಬಾಗಿಲು ಬಡಿದಳು. “ಅಣ್ಣಾರ, ನೀವರ ಬಂದು ನೋಡ್ರಿ. ನಿಮಗ ಗೊತ್ತಾಗತೈತಿ. ಬೆಂಕಿ ಇಲ್ಲದ ಹೊಗಿ ಬರತೈತೇನ್ರಿ?”

ನಾನು ಆಗ ತಾನೇ ಯಂತ್ರ ನಿಲ್ಲಿಸಿ ಎದ್ದಿದ್ದೆ. ಅಂಗಿಯ ತೋಳಿನಲ್ಲಿ ಅದೇ ವಾಸನೆ ಇತ್ತು. ಆದರೂ ದೊಡ್ಡ ತಜ್ಞನ ಹಾಗೆ ಮೇಲೆ ಬಂದೆ.

ನಿಮ್ಮ ಬಚ್ಚಲಲ್ಲಿ ನಿಂತು ಒಂದು ತೆಳುವಾದ ಟಿಶ್ಯೂ ಕಾಗದವನ್ನು ಸಣ್ಣ ಕಿಟಕಿಗೆ ಹಿಡಿದೆ. ಗಾಳಿ ಎತ್ತ ಹೋಗುತ್ತಿದೆ ಎಂದು ನೋಡಲು ನಾವು ಮಾಡುವ ಸುಲಭದ ಪರೀಕ್ಷೆ. ಕಾಗದ ಒಳಗೆ ಬಾಗಿತು. ನನ್ನ ಕಡೆಗೆ. ಬಗ್ಗಿ ಕೆಳಗೆ ನೋಡಿದರೆ ನನ್ನ ಮನೆಯ ಕಿಟಕಿ, ಅದರಿಂದ ಮೂತಿ ಹೊರಗೆ ಹಾಕಿದ ನನ್ನ ಪೈಪು. ಈ ಹೊಗೆ ನನ್ನ ಪೈಪಿನದು ಎಂದು ಹೇಳುವುದಕ್ಕೆ ಒಂದೇ ಉಸಿರು ಸಾಕಿತ್ತು.

ನೀವು ಬಾಗಿಲಲ್ಲಿ ನಿಂತಿದ್ದಿರಿ. ಕೂಸು ನಿಮ್ಮ ಹೆಗಲ ಮೇಲಿತ್ತು. ನೀವು ನನ್ನನ್ನೇ ನೋಡುತ್ತಾ ಹೇಳಿದಿರಿ.

“ಕೂಸಿನ ಮ್ಯಾಲ ಆಣಿ ತಮ್ಮಾ. ನಾ ಹಾಕಿಲ್ಲ.”

ಸವಿತಾ ಕೂಸನ್ನು ನಿಮ್ಮ ಹೆಗಲಿನಿಂದ ಕಿತ್ತುಕೊಂಡಳು. ಕೂಸಿನ ಮೇಲೆ ಆಣೆ ಮಾಡಬೇಡ ಎಂದು ಚೀರಿದಳು. ಆಮೇಲೆ ನೀವಿಬ್ಬರೂ ನನ್ನ ಕಡೆ ತಿರುಗಿದಿರಿ. ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ.

“ಲೋಬಾನದ ವಾಸನಿ ಗ್ವಾಡಿಗೆ ಹಿಡಕೊಂಡಿರತೈತ್ರಿ. ಲಗೂ ಹೋಗಂಗಿಲ್ಲ. ಇನ್ನ ಮ್ಯಾಲ ಹಾಕಬ್ಯಾಡ್ರಿ, ಅಷ್ಟ.”

ಇನ್ನು ಮೇಲೆ ಹಾಕಬೇಡಿ. ಎಂದರೆ, ಇಲ್ಲಿಯವರೆಗೆ ಹಾಕುತ್ತಿದ್ದಿರಿ. ಎಂದರೆ, ನಿಮ್ಮ ಆಣೆ ಸುಳ್ಳು. ಇಷ್ಟನ್ನೂ ನಾನು ಎಷ್ಟು ಮೆತ್ತಗೆ, ಎಷ್ಟು ಮರ್ಯಾದೆಯಿಂದ ಹೇಳಿದೆ. ನೀವು ಖಾಲಿಯಾದ ಹೆಗಲ ಮೇಲಿನ ಸೆರಗನ್ನು ಸರಿ ಮಾಡಿಕೊಂಡು ಅಡುಗೆಮನೆಗೆ ಹೋದಿರಿ.

ಯಾಕೆ ಹಾಗೆ ಹೇಳಿದೆ? ಹಾರಿಸ್‌ಗೆ ಗೊತ್ತಾಗಿ ಮನೆ ಬಿಡಬೇಕಾದೀತು ಎಂಬ ಭಯ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದು ಬೇರೆ. ಗಾಳಿ ಡಾಕ್ಟರನೇ ಒಂದು ಹಸುಗೂಸಿನ ಬಚ್ಚಲಿಗೆ ಹೊಗೆ ಬಿಟ್ಟ ಎಂದು ಮಂದಿ ಆಡಿಕೊಳ್ಳುವುದನ್ನು ನಾನು ಆ ಒಂದು ಗಳಿಗೆಯಲ್ಲೇ ಕೇಳಿಸಿಕೊಂಡುಬಿಟ್ಟಿದ್ದೆ. ನನ್ನ ಹೆಸರು, ನಿಮ್ಮ ಹೆಸರು — ಎರಡರಲ್ಲಿ ಒಂದು ಕೆಡಬೇಕಿತ್ತು. ನಿಮ್ಮದನ್ನು ಆರಿಸಿದೆ. ನೀವು ಹೇಗೂ ಊರಿಗೆ ಹೋಗುವವರು, ಅವ್ವ-ಮಗಳ ಜಗಳ ಉಂಡು ಮಲಗುವ ತನಕ ಎಂದು ಲೆಕ್ಕ ಹಾಕಿದ್ದೆ.

ಕೆಳಗೆ ಬಂದವನೇ ಪೈಪನ್ನು ಬಚ್ಚಲಿನಿಂದ ಕಿತ್ತು ಮತ್ತೆ ರಸ್ತೆಯ ಕಿಟಕಿಗೆ ಕೂರಿಸಿದೆ. ಯಾಕೆ ಎಂದಳು ಸುಧಾ. ಬಚ್ಚಲಲ್ಲಿ ತೇವ ಹೆಚ್ಚು, ಯಂತ್ರ ಕೆಡುತ್ತದೆ ಎಂದೆ. ಇನ್ನು ಕೂಸು ಹುಷಾರಾಗುತ್ತದೆ, ಎಲ್ಲ ತಾನಾಗಿಯೇ ತಿಳಿಯಾಗುತ್ತದೆ ಎಂದು ಸಮಾಧಾನ ಪಟ್ಟುಕೊಂಡೆ. ಹೌದು, ಕೂಸು ಹುಷಾರಾಯಿತು. ಮೆಟ್ಟಿಲಲ್ಲಿ ಸಿಕ್ಕ ಸವಿತಾ ಮುಖ ಅರಳಿಸಿಕೊಂಡು ಹೇಳಿದಳು, “ನೀವು ಹೇಳಿದ ಮ್ಯಾಲ ಅವ್ವ ಖರೇನ ಬಿಟ್ಟಾಳ್ರಿ ಅಣ್ಣಾರ.”

ತಪ್ಪನ್ನು ಗುಟ್ಟಾಗಿ ತಿದ್ದಿಕೊಂಡೆ ಎಂದುಕೊಂಡಿದ್ದೆ. ನಿಮ್ಮ ಮೇಲಿನ ಅಪವಾದಕ್ಕೆ ಅದರಿಂದಲೇ ಸಾಕ್ಷಿ ಹುಟ್ಟಿತು. ಕೂಸು ಗುಣವಾದಷ್ಟೂ ನೀವು ಸುಳ್ಳುಗಾರರಾದಿರಿ.

ಆಮೇಲೆ ನಿಮ್ಮ ಕೈಗೆ ಕೂಸನ್ನು ಕೊಡುವುದು ಕಡಿಮೆಯಾಯಿತು. ಎರೆಯಲು ಸವಿತಾ ತಾನೇ ನಿಂತಳು. ಫೋನಿನಲ್ಲಿ ಆ ಆಣೆಯ ಮಾತು ಬಾದಾಮಿಯ ನಿಮ್ಮ ಮನೆಯವರೆಗೂ ಹೋಯಿತು. ವೀಸಾ ಇನ್ನೂ ಇತ್ತು, ಆದರೆ ನೀವೇ ಹೋಗುತ್ತೇನೆ ಎಂದಿರಿ. ನಿಮ್ಮ ಅಳಿಯನಿಗೆ ಶಿಫ್ಟ್ ಇದ್ದುದರಿಂದ ಏರ್‌ಪೋರ್ಟಿಗೆ ನಾನು ಬಿಡುತ್ತೇನೆ ಎಂದು ಮುಂದೆ ಬಿದ್ದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ಜಾಣ, ಅಲ್ಲವೇ, ಕುಂಬಳಕಾಯಿಯನ್ನು ನಿಮ್ಮ ತಲೆ ಮೇಲೆ ಹೊರಿಸಿ, ಹೊತ್ತವರಿಗೆ ಕಾರಿನಲ್ಲಿ ಜಾಗ ಕೊಟ್ಟೆ.

ದಾರಿಯುದ್ದಕ್ಕೂ ಸುಧಾಳ ಸ್ವೆಟರು ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಿರಿ. ವಿಮಾನ ನಿಲ್ದಾಣದ ದೀಪಗಳು ಕಾಣಿಸಿದಾಗ, ನನ್ನ ಕಡೆ ತಿರುಗದೆ ಕೇಳಿದಿರಿ.

“ನಾ ಹಾಕಿದ್ದಿಲ್ಲಪಾ. ನೀ ಆದ್ರೂ ನಂಬತೀಯಿಲ್ಲೋ?”

“ನಂಬತೀನ್ರಿ ಅವ್ವಾರ.”

“ಅಷ್ಟ ಸಾಕ ಬಿಡು ತಮ್ಮಾ,” ಎಂದು ನನ್ನ ತಲೆ ಮೇಲೆ ಕೈಯಿಟ್ಟಿರಿ. ನಾನು ಗಾಡಿ ನಿಲ್ಲಿಸಿ, ಪೆಟ್ಟಿಗೆ ಇಳಿಸಿ, ತಳ್ಳುಗಾಡಿಗೆ ಏರಿಸಿ, ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿ —

ಆಗಲೂ ಹೇಳಲಿಲ್ಲ.

ಲೋಬಾನದ ಹೊಗೆಯೂ ಎಳೆಯ ಎದೆಗೆ ಒಳ್ಳೆಯದಲ್ಲ, ಡಾಕ್ಟರೇ ಹೇಳಿದರಲ್ಲ ಎಂಬ ಒಂದು ಮಾತಿಗೆ ನಾನು ವರ್ಷಗಟ್ಟಲೆ ಜೋತುಬಿದ್ದಿದ್ದೆ. ಆ ಮಾತು ನಿಜವೇ ಇರಬಹುದು. ಆದರೆ ಹೇಳಿದ ದಿನವೇ ನೀವು ನಿಲ್ಲಿಸಿದ್ದಿರಿ. ಆಮೇಲೆ ಬಂದ ಪ್ರತಿಯೊಂದು ಕೆಮ್ಮೂ ನನ್ನದು.

ಸಿರಿ ಈಗ ಶಾಲೆಗೆ ಹೋಗುತ್ತಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಪಟಪಟ ಉತ್ತರ ಕೊಡುತ್ತಾಳೆ. ಮೆಟ್ಟಿಲನ್ನು ಒಂದೇ ಉಸಿರಿಗೆ ಓಡಿ ಹತ್ತುತ್ತಾಳೆ. ಅವಳು ಓಡುವುದನ್ನು ಕಂಡಾಗಲೆಲ್ಲ ದೇವರು ದೊಡ್ಡವನು ಎಂದುಕೊಂಡು ನಾನು ತಪ್ಪಿಸಿಕೊಳ್ಳುತ್ತಿದ್ದೆ. ಅವಳ ಕೋಣೆಯ ಗೋಡೆಯ ಮೇಲೆ ಆ ಗಿಳಿಗಳು ಹಾಗೆಯೇ ಇದ್ದವು.

ಇದ್ದವು ಎಂದೆ. ಹೋದ ವಾರದವರೆಗೆ ಇದ್ದವು.

ಸವಿತಾ ಮತ್ತೆ ಬಸುರಿ ಎಂಬುದು ನಿಮಗೆ ಗೊತ್ತೇ ಇದೆ. ಈ ಸಲದ ಚಳಿಯಲ್ಲಿ ಹೆರಿಗೆ. ಹೋದ ವಾರ ಸುಧಾಳ ಹತ್ತಿರ ಬಂದು ಕೂತು ಕಣ್ಣಲ್ಲಿ ನೀರು ತಂದುಕೊಂಡಳು. ಹಳೆಯದನ್ನೆಲ್ಲ ಮರೆತು ಅವ್ವನನ್ನು ಬಾಣಂತನಕ್ಕೆ ನಾನಾಗಿಯೇ ಕರೆದೆ, ಅವಳು ಒಲ್ಲೆ ಅಂದಳು ಎಂದಳು. ನೀವು ಅಂದ ಮಾತನ್ನು ಹಾಗೆಯೇ ಹೇಳಿದಳು. “ನನ್ನ ಕೈ ಛಲೋ ಅಲ್ಲವಾ. ಈ ಕೂಸಿಗೆ ಹಚ್ಚೂದ ಬ್ಯಾಡ.”

ನಾನು ಅಲ್ಲೇ ಚಹ ಕುಡಿಯುತ್ತಿದ್ದೆ. ಇಷ್ಟು ವರ್ಷ, ಮಂದಿ ನಂಬದಿದ್ದರೇನು, ನೀವು ತಪ್ಪು ಮಾಡಿಲ್ಲವೆಂದು ನಿಮಗಾದರೂ ಗೊತ್ತಲ್ಲ ಎಂದುಕೊಂಡಿದ್ದೆ. ಆದರೆ ನೀವೇ ನಿಮ್ಮನ್ನು ನಂಬುವುದು ಬಿಟ್ಟಿದ್ದೀರಿ. ಹಾಕದೆ ಹೊಗೆ ಎಲ್ಲಿಂದ ಬಂತು ಎಂದು ನೀವೂ ಎಷ್ಟು ಕೇಳಿಕೊಂಡಿರಬೇಕು. ಉತ್ತರ ಸಿಗದೆ ಕೊನೆಗೆ ನಿಮ್ಮ ಕೈಯನ್ನೇ ದೂರಿದಿರಿ. ಊರಿನಲ್ಲಿ ಎಷ್ಟು ಕೂಸುಗಳಿಗೆ ಎರೆದ ಕೈ ಅದು.

ಲೋಟ ಕೆಳಗಿಟ್ಟು ಅಲ್ಲೇ ಹೇಳಿದೆ. ಪೈಪು, ಬಚ್ಚಲ ಕಿಟಕಿ, ಟಿಶ್ಯೂ ಕಾಗದ, ಎಲ್ಲ. ಸುಧಾ ಬಾಯಿಗೆ ಕೈಯಿಟ್ಟುಕೊಂಡಳು. ಸವಿತಾ ಒಂದೇ ಮಾತು ಕೇಳಿದಳು. “ಅವ್ವ ಆಣಿ ಮಾಡಿದಾಗ ನೀವು ಅಲ್ಲೇ ನಿಂತಿದ್ರೆಲ್ಲ?”

ಹೌದು ಎಂದೆ.

ಅವ್ವನಿಗೆ ಫೋನು ಮಾಡಿ ನೀನೇ ತಿಳಿಸುತ್ತೀಯಾ ಎಂದು ಕೇಳುವಷ್ಟು ಹೇಡಿ ನಾನು. ಕೇಳಿದೆ ಕೂಡ. ಅವಳು ಎದ್ದು ನಿಂತಳು. “ನಾ ಯಾಕ ಹೇಳ್ಲಿ? ನೀವ ಹೇಳ್ರಿ. ಅಕಿ ಮುಂದ ನಿಂತು ಹೇಳ್ರಿ.”

ಮರುದಿನ ನಮ್ಮ ಬಾಗಿಲ ಹಿಡಿಕೆಗೆ ಒಂದು ಕೈಚೀಲ ತೂಗುಹಾಕಿತ್ತು. ಒಳಗೆ ಗಿಳಿಗಳು. ಹೆಸರಿನ ಹಲಗೆ ಮಾತ್ರ ಇರಲಿಲ್ಲ.

ರಜೆ ಬರೆದುಕೊಟ್ಟಿದ್ದೇನೆ. ಬಾದಾಮಿಗೆ ಬರುತ್ತಿದ್ದೇನೆ. ನಿಮ್ಮೊಬ್ಬರ ಮುಂದೆ ಅಡುಗೆಮನೆಯಲ್ಲಿ ಪಿಸುಗುಟ್ಟುವುದಿಲ್ಲ. ನಿಮ್ಮ ಮಗ, ಸೊಸೆ, ಅಂದು ಈ ಮಾತು ಯಾರ ಯಾರ ಕಿವಿಗೆ ಬಿದ್ದಿತ್ತೋ ಅವರೆಲ್ಲ ಇರುವಾಗ ಹೇಳುತ್ತೇನೆ. ನಿಮ್ಮ ಮುಂದೆ ನಿಂತಾಗ ನಾಲಗೆ ಹೊರಳದೆ ಹೋದೀತೆಂದು ಇದನ್ನೆಲ್ಲ ಬರೆದಿಟ್ಟುಕೊಳ್ಳುತ್ತಿದ್ದೇನೆ. ಹೊರಳದಿದ್ದರೆ ಇದನ್ನೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನನಗೆ ಗೊತ್ತು. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ. ಕೂಸಿಗೆ ಎರೆಯಲು ನೀವು ಬಂದರೆ ಸವಿತಾ ಕಾಯುತ್ತಿದ್ದಾಳೆ, ಬರದಿದ್ದರೆ ಅದೂ ನಾನು ಮಾಡಿದ್ದೇ.

ಇನ್ನೊಂದು ಮಾತು ಉಳಿದಿದೆ. ಅವತ್ತು ಕಾರಿನಲ್ಲಿ ನೀವು ಕೇಳಿದ್ದಕ್ಕೆ ನಂಬುತ್ತೇನೆ ಎಂದಿದ್ದೆ. ಅದೊಂದೇ ಮಾತನ್ನು ಗಟ್ಟಿ ಹಿಡಿದು ನೀವು ವಿಮಾನ ಹತ್ತಿದಿರಿ. ಆ ಮಾತೂ ಸುಳ್ಳು ಅವ್ವಾರೇ. ನಂಬುವುದಕ್ಕೆ ಏನೂ ಇರಲಿಲ್ಲ. ನನಗೆ ಗೊತ್ತಿತ್ತು.